ಐದು ಗಂಟೆಯ ಬಸ್ಸು ಮತ್ತು ನಾವು ನೋಡದ ಕೊನೆಗಳು

ಸಿರಿಗೇರಿಯ ಹೆಂಗಸರು ಹತ್ತು ವರ್ಷಗಳ ಕಾಲ ಒಂದು ಸಿನಿಮಾದ ಕೊನೆಯನ್ನೂ ನೋಡಲಿಲ್ಲ. ಅದರ ನಷ್ಟವನ್ನು ಅನುಭವಿಸಿದವರು ಅವರು, ಅವರು ಮಾತ್ರ. ಸಿರುಗುಪ್ಪದ ಚಿತ್ರಮಂದಿರದವರಿಗೆ ಪೂರ್ತಿ ಟಿಕೀಟಿನ ಹಣ ಸಿಗುತ್ತಿತ್ತು. ಬಸ್ಸಿನ ಮಾಲೀಕರಿಗೆ ಬಸ್ಸು ತುಂಬುತ್ತಿತ್ತು. ನಮ್ಮ ಮನೆಗಳ ಗಂಡಸರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಒಲೆ ಹೊತ್ತುತ್ತಿತ್ತು. ಎಲ್ಲರ ವ್ಯವಹಾರವೂ ಸುಸೂತ್ರವಾಗಿ ನಡೆಯುತ್ತಿದ್ದುದರಿಂದ ಇದೊಂದು ಅನ್ಯಾಯವೆಂದು ಯಾರಿಗೂ ತೋರಲಿಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ನಮ್ಮ ಹೆಂಗಸರು ಸಿನಿಮಾಕ್ಕೆ ಹೋಗುತ್ತಿದ್ದುದು ಗುರುವಾರಗಳಂದು. ಸಿರುಗುಪ್ಪದಲ್ಲಿ ಮ್ಯಾಟಿನಿ ಎರಡೂವರೆಗೆಂದು ಗೋಡೆಯ ಮೇಲೆ ಬರೆದಿತ್ತು. ಆದರೆ ಮೊದಲು ಸಾಬೂನಿನ, ಬೀಡಿಯ, ಬಟ್ಟೆ ಅಂಗಡಿಯ ಸ್ಲೈಡುಗಳು. ಆಮೇಲೆ ಅಣೆಕಟ್ಟು, ನೆರೆಹಾವಳಿ, ಮಂತ್ರಿಗಳ ಪ್ರವಾಸ ತೋರಿಸುವ ಸರ್ಕಾರಿ ವಾರ್ತಾಚಿತ್ರ. ಅಸಲು ಕಥೆ ಶುರುವಾಗುವಷ್ಟರಲ್ಲಿ ಮೂರು ಸಮೀಪಿಸುತ್ತಿತ್ತು, ಮುಗಿಯುವಾಗ ಐದೂವರೆ. ಸಿರಿಗೇರಿಯ ಮೇಲೆ ಕುರುಗೋಡಿಗೆ ಹೋಗುವ ಕೊನೆಯ ಬಸ್ಸು ಐದಕ್ಕೆ ಹೊರಡುತ್ತಿತ್ತು. ಗಂಡಸರಿಗೆ ಈ ತೊಂದರೆ ಇರಲಿಲ್ಲ. ಅವರು ಅಕ್ಕಿ ಗಿರಣಿಗಳಿಂದ ಹೊರಡುವ ಲಾರಿ ಹತ್ತಿ ಬರಬಹುದಿತ್ತು. ಹೆಂಗಸರು ಲಾರಿ ಹತ್ತಿದರೆ ಊರು ಆಡಿಕೊಳ್ಳುತ್ತಿತ್ತು.

ಐದಕ್ಕೆ ಐದು ನಿಮಿಷ ಇದೆ ಎನ್ನುವಾಗ ಕಂಡಕ್ಟರು ರಸ್ತೆ ದಾಟಿ ಬಂದು, ಹೆಂಗಸರ ಬಾಗಿಲಿನ ಕರಿ ಪರದೆ ಸರಿಸಿ, ಸಿರಿಗೇರಿಯವರು ಏಳಬೇಕೆಂದು ಕೂಗುತ್ತಿದ್ದ. ತೆರೆಯ ಮೇಲೆ ಬಿಸಿಲಿನ ಒಂದು ಪಟ್ಟಿ ಬೀಳುತ್ತಿತ್ತು. ನಾಯಕಿ ಅಳುತ್ತಿರಲಿ, ನಾಯಕ ಕಟ್ಟಿಹಾಕಿಸಿಕೊಂಡಿರಲಿ, ನಮ್ಮ ಇಪ್ಪತ್ತು ಮೂವತ್ತು ಮಂದಿ ಸೆರಗು ಸರಿಪಡಿಸಿಕೊಂಡು, ಚಪ್ಪಲಿ ಹುಡುಕಿಕೊಂಡು, ಕುತ್ತಿಗೆ ಹಿಂದಕ್ಕೆ ತಿರುಗಿಸಿಯೇ ಹೊರಗೆ ನಡೆಯುತ್ತಿದ್ದರು. ಹೆಂಗಸರ ಕಡೆಯ ಬೆಂಚುಗಳಿಗೆ ಒರಗು ಇರಲಿಲ್ಲ, ಇದ್ದ ಎರಡು ಫ್ಯಾನುಗಳೂ ಗಂಡಸರ ಕಡೆಗಿದ್ದವು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಚಿಕ್ಕ ಅನ್ಯಾಯಗಳನ್ನು ಬಿಟ್ಟುಕೊಟ್ಟರೆ ದೊಡ್ಡವನ್ನು ಹಿಡಿಯುವ ಕೈಗೆ ಬಲ ಬರುವುದಿಲ್ಲ.

ಈ ಗುಂಪಿನ ಮುಂದಾಳುಗಳು ಇಬ್ಬರು. ಒಬ್ಬಳು ನಮ್ಮ ಅತ್ತೆ, ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ನಮ್ಮ ಮನೆಯನ್ನು ನಡೆಸುತ್ತಿದ್ದವಳು. ಇನ್ನೊಬ್ಬಳು ಪಕ್ಕದ ಮನೆಯಾಕೆ. ಆಕೆಯ ಮಕ್ಕಳ ಜೊತೆ ಬೆಳೆದ ನಾವು, ಉರ್ದುವಿನಲ್ಲಿ ಚಿಕ್ಕಮ್ಮ ಎನ್ನುವ ಹಾಗೆ, ಖಾಲಾ ಎಂದೇ ಕರೆಯುತ್ತಿದ್ದೆವು. ಖಾಲಾಳ ಗಂಡನಿಗೆ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ. ಆಕೆ ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಇಡೀ ಓಣಿಯ ಕುಪ್ಪಸ ಹೊಲಿಯುತ್ತಿದ್ದಳು. ಅತ್ತೆ ಆಕೆಯನ್ನು ‘ಆಪಾ’ ಎನ್ನುತ್ತಿದ್ದಳು, ಆಕೆ ಅತ್ತೆಯನ್ನು ‘ಅಕ್ಕಾ’ ಎನ್ನುತ್ತಿದ್ದಳು. ಎರಡಕ್ಕೂ ಅಕ್ಕನೆಂದೇ ಅರ್ಥ. ತಾನೇ ಚಿಕ್ಕವಳೆಂಬ ಹಟವನ್ನು ಇಬ್ಬರೂ ಕೊನೆಯವರೆಗೂ ಬಿಡಲಿಲ್ಲ.

ಚಿತ್ರಮಂದಿರದ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಕಥೆಯೂ ಇರುತ್ತಿತ್ತು. ಆದರೆ ಸರಿಯಾಗಿ ನಮಗೆ ಬೇಕಾದ ಜಾಗಕ್ಕೆ ಬಂದು, ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ನಿಂತುಬಿಡುತ್ತಿತ್ತು. ಹಾಗಾಗಿ ಕೊನೆಯನ್ನು ಬಸ್ಸಿನಲ್ಲೇ ಕಟ್ಟಬೇಕಾಗುತ್ತಿತ್ತು. ಅತ್ತೆ ದಯಾಳು. ಅವಳ ಕೊನೆಗಳಲ್ಲಿ ಖಳನಾಯಕ ಪಶ್ಚಾತ್ತಾಪಪಟ್ಟು ಕಿರಾಣಿ ಅಂಗಡಿ ಇಡುತ್ತಿದ್ದ. ಖಾಲಾ ಅವನನ್ನು ತಪ್ಪದೆ ಕಾಲುವೆಗೆ ತಳ್ಳುತ್ತಿದ್ದಳು.

“ಆಪಾ, ನೀ ಹಿಂಗ ಎಲ್ಲಾರ್ನೂ ಕಾಲುವಿಗೆ ನೂಕ್ಕೊಂತ ಹೋದ್ರ ಮುಂದಿನ ಪಿಕ್ಚರಿಗೆ ಯಾರು ಉಳೀತಾರ?”

“ನಿನ್ನ ಕೈಯಾಗ ಕೊಟ್ರ ಅಕ್ಕಾ, ಕಳ್ಳರೆಲ್ಲಾ ಮಠದ ಸ್ವಾಮಿ ಆಗಿಬಿಡ್ತಾರ.”

ಊರು ಕಾಣುವಷ್ಟರಲ್ಲಿ ಕೈ ಎತ್ತಿಸಿ ತೀರ್ಮಾನವಾಗುತ್ತಿತ್ತು. ಗೆದ್ದ ಕೊನೆಯೇ ಆ ಚಿತ್ರದ ಕೊನೆ. ಮರುದಿನ ಓಣಿಯಲ್ಲಿ ಅದನ್ನೇ ಹೇಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ಇಡೀ ಜಗತ್ತಿನಲ್ಲಿ ಸಿನಿಮಾ ನೋಡುವ ಕ್ರಮವೇ ಇದು ಎಂದು ತಿಳಿದಿದ್ದೆ.

ಅದು ಹಾಗಲ್ಲವೆಂದು ಗೊತ್ತಾದದ್ದು ಬಳ್ಳಾರಿಗೆ ಓದಲು ಹೋದ ಮೇಲೆ. ಗಾಂಧಿನಗರದಲ್ಲಿದ್ದ ಸಂಬಂಧಿಕರ ಮನೆಯಲ್ಲಿದ್ದುಕೊಂಡು ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಟೀಚರು ನಮಗೆ ಅರ್ಜಿ ಬರೆಯುವುದನ್ನು ಕಲಿಸಿದರು. ಯಾವುದೇ ಅನ್ಯಾಯ ಕಂಡರೂ ಮೂರು ಪ್ರಶ್ನೆ ಕೇಳಬೇಕೆಂದು ಅವರು ಹೇಳುತ್ತಿದ್ದರು: ಯಾರು ಮಾಡಿದರು, ಯಾರು ಅನುಭವಿಸಿದರು, ಯಾರು ಸರಿಪಡಿಸಬೇಕು. ನಾನು ಆ ಮೂರು ಪ್ರಶ್ನೆಗಳನ್ನು ಮನೆಯ ಉಪ್ಪಿನಕಾಯಿ ಜಾಡಿಯಿಂದ ಹಿಡಿದು ಊರಿನ ಬಾವಿಯವರೆಗೆ ಎಲ್ಲಕ್ಕೂ ಕೇಳತೊಡಗಿದೆ. ರಜೆಗೆ ನಾನು ಬಂದರೆ ಅಪ್ಪನಿಗೆ ಸ್ವಲ್ಪ ಭಯವಾಗುತ್ತಿತ್ತು.

ಹದಿನೇಳನೆಯ ವಯಸ್ಸಿನ ಬೇಸಿಗೆ ರಜೆಗೆ ಬಂದಾಗ ಒಂದು ಸುದ್ದಿ ಕಾದಿತ್ತು. ಖಾಲಾಳ ಗಂಡನಿಗೆ ಆಂಧ್ರದ ಆದೋನಿಯ ಜಿನ್ನಿನಲ್ಲಿ ಕೆಲಸ ಸಿಕ್ಕಿತ್ತು. ಒಂದು ತಿಂಗಳಲ್ಲಿ ಮಷೀನು, ಮಕ್ಕಳು, ಪಾತ್ರೆಪಡಗ ಸಮೇತ ಹೊರಡುವವರಿದ್ದರು. ಊರೆಲ್ಲ ಆ ಮಾತಾಡುತ್ತಿತ್ತು, ಅತ್ತೆಯೊಬ್ಬಳನ್ನು ಬಿಟ್ಟು. ಯಾರಾದರೂ ಆದೋನಿ ಎಂದ ಕೂಡಲೇ ಅವಳು ಅಕ್ಕಿ ಆರಿಸುವ ಮೊರ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ನನ್ನ ಹತ್ತಿರ ಒಮ್ಮೆ ಮಾತ್ರ, ಮುಖ ನೋಡದೆ, ಆಪಾ ಹೋಗುವುದರೊಳಗೆ ಇಬ್ಬರೂ ಕೂಡಿ ಒಂದಾದರೂ ಪಿಕ್ಚರನ್ನು ಪೂರಾ ನೋಡಬೇಕಿತ್ತು ಎಂದಳು. ಅಷ್ಟೇ ಸಾಕಾಯಿತು. ನಾನು ಕಾಗದ ತೆಗೆದುಕೊಂಡು ಕೂತೆ.

ಇಲ್ಲಿ ನನ್ನದೇ ತಪ್ಪನ್ನು ಮೊದಲು ಹೇಳಬೇಕು. ಅರ್ಜಿಯಲ್ಲಿ ಏನು ಕೇಳಬೇಕೆಂದು ನಾನು ಆ ಹೆಂಗಸರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಅವರ ಪರವಾಗಿ, ಅವರಿಗಿಂತ ಚೆನ್ನಾಗಿ ನನಗೇ ಗೊತ್ತೆಂಬ ಧೈರ್ಯದಲ್ಲಿ ಬರೆದೆ.

ಮೊದಲ ಅರ್ಜಿ ಕುರುಗೋಡಿನಲ್ಲಿದ್ದ ಬಸ್ಸಿನ ಮಾಲೀಕರಿಗೆ. ಅದನ್ನು ಹಿಡಿದು ಅದೇ ಬಸ್ಸಿನಲ್ಲಿ ಹೋದೆ. ಮಾಲೀಕರು ಮಜ್ಜಿಗೆ ತರಿಸಿಕೊಟ್ಟು, ಅರ್ಜಿಯನ್ನು ಎರಡು ಸಲ ಓದಿ, ಅಕ್ಷರ ದುಂಡಗಿವೆ ಎಂದು ಮೆಚ್ಚಿಕೊಂಡರು. ಬಸ್ಸನ್ನು ಅರ್ಧ ಗಂಟೆ ನಿಲ್ಲಿಸುವುದು ಆಗದ ಮಾತು ಎಂದರು. ಕಾರಣ ಕೇಳಿದೆ. ಬಸ್ಸಿನಲ್ಲಿ ಹೆಣ್ಣುಮಕ್ಕಳಿರುತ್ತಾರೆ, ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಿಸುವುದು ತಮ್ಮ ಜವಾಬ್ದಾರಿ ಎಂದರು. ಹೆಂಗಸರ ಬೇಡಿಕೆಯನ್ನು ಹೆಂಗಸರ ಹೆಸರಿನಲ್ಲೇ ತಳ್ಳಿಹಾಕುವುದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ. ಆಮೇಲೆ ಎಷ್ಟೋ ಕಚೇರಿಗಳಲ್ಲಿ ಕಂಡಿದ್ದೇನೆ.

ಎರಡನೆಯ ಅರ್ಜಿ ಚಿತ್ರಮಂದಿರದ ಮ್ಯಾನೇಜರಿಗೆ. ಸ್ಲೈಡುಗಳಿಗೆ ಅಂಗಡಿಯವರು ಹಣ ಕೊಟ್ಟಿದ್ದಾರೆ, ವಾರ್ತಾಚಿತ್ರಕ್ಕೆ ಸರ್ಕಾರದ ಹುಕುಂ ಇದೆ, ಯಾವುದನ್ನೂ ತೆಗೆಯಲಾಗದು ಎಂದು ಆತ ಮೊದಲೇ ಹೇಳಿಬಿಟ್ಟ. ಆದರೆ ಸಿರಿಗೇರಿಯ ಗಿರಾಕಿಗಳನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಅರ್ಜಿಯನ್ನು ಇಟ್ಟುಕೊಂಡ. ನಾನು ಬರೆದಿದ್ದ ವಾಕ್ಯ ನನಗೆ ಇಂದಿಗೂ ಬಾಯಿಪಾಠ: ‘ಮಹಿಳಾ ಪ್ರೇಕ್ಷಕರಿಗೆ ಚಿತ್ರದ ಅಂತ್ಯಭಾಗವನ್ನು ಸಂಜೆ ಐದು ಗಂಟೆಯೊಳಗಾಗಿ ತೋರಿಸತಕ್ಕದ್ದು.’

ಮುಂದಿನ ಗುರುವಾರ ನಾವೆಲ್ಲ ಹೋದೆವು. ಸ್ಲೈಡು ಮುಗಿಯಿತು, ಅಣೆಕಟ್ಟು ಮುಗಿಯಿತು. ಆಮೇಲೆ ಚಿತ್ರದ ಹೆಸರೂ ಇಲ್ಲ, ಏನೂ ಇಲ್ಲ. ಏಕಾಏಕಿ ಒಬ್ಬ ಮುದುಕ ಒಬ್ಬ ತರುಣನ ತೊಡೆಯ ಮೇಲೆ ತಲೆಯಿಟ್ಟು ಸಾಯತೊಡಗಿದ. ಸುತ್ತ ಹತ್ತು ಮಂದಿ ಗೋಳಾಡಿದರು. ಒಂದು ಮದುವೆಯಾಯಿತು. ತೆರೆಯ ಮೇಲೆ ‘ಶುಭಂ’ ಎಂದು ಬಂತು. ಗಂಡಸರ ಕಡೆಯಿಂದ ಒಬ್ಬ, “ಲೇ, ಮುಗೀತೇನಲೇ? ನಾ ಈಗ ಬಂದು ಕುಂತೀನಿ” ಎಂದ. ಸಿಳ್ಳೆಗಳು ಎದ್ದವು. ಅಷ್ಟರಲ್ಲಿ ಸೆನ್ಸಾರಿನ ಪತ್ರ ಬಂದು, ನಟರ ಹೆಸರುಗಳು ಬಂದು, ಕಥೆ ಮೊದಲಿನಿಂದ ಶುರುವಾಯಿತು. ಮ್ಯಾನೇಜರು ಕೊನೆಯ ರೀಲನ್ನು ಮೊದಲು ಹಾಕಿಸಿದ್ದ.

ಮಧ್ಯಂತರದಲ್ಲಿ ಹೋಗಿ ಕೇಳಿದೆ. ಆತನಿಗೆ ನಿಜವಾಗಿಯೂ ಬೇಸರವಾಯಿತು. ಆಪರೇಟರ್ ಜೊತೆ ಜಗಳಾಡಿ ಈ ಏರ್ಪಾಟು ಮಾಡಿಸಿದ್ದನಂತೆ. “ನೀ ಬರ್ದಂಗ ಮಾಡೀನಮ್ಮಾ. ಒಂದಕ್ಷರ ಹೆಚ್ಚು ಕಮ್ಮಿ ಆಗಿದ್ರ ಹೇಳು” ಎಂದ. ನಾನು ಬೆಂಚಿಗೆ ವಾಪಸು ಬಂದೆ.

ಬಸ್ಸಿನಲ್ಲಿ ಹೆಂಗಸರು ನನ್ನನ್ನು ಗೇಲಿ ಮಾಡಿ ಮಾಡಿ ಸುಸ್ತಾದರು. ಬಳ್ಳಾರಿಯಲ್ಲಿ ಊಟ ಮುಗಿಸಿ ಆಮೇಲೆ ಕೈ ತೊಳೆದುಕೊಂಡು ಕೂರುತ್ತಾರೇನೋ ಎಂದು ಒಬ್ಬರು ವಿಚಾರಿಸಿದರು. ನಕ್ಕವರಲ್ಲಿ ಅತ್ತೆ ಇರಲಿಲ್ಲ. ಆ ಮುದುಕ ಚಿತ್ರದುದ್ದಕ್ಕೂ ಎಲ್ಲರನ್ನೂ ನಗಿಸುವ ಪಾತ್ರ. ಅವನು ಬಂದಾಗಲೆಲ್ಲ ಗಂಡಸರು ಬಿದ್ದು ಬಿದ್ದು ನಕ್ಕಿದ್ದರು, ಅತ್ತೆ ಮಾತ್ರ ಕಣ್ಣು ಒರೆಸಿಕೊಂಡಿದ್ದಳು.

“ಸಾಯ್ತಾನಂತ ಮೊದ್ಲ ತಿಳಿದ ಮ್ಯಾಲೆ ಅವ ಏನು ಮಾಡಿದ್ರೂ ನಗಿ ಬರಂಗಿಲ್ಲ ನೋಡು” ಎಂದಳು.

ಖಾಲಾ ಕಿಟಕಿಯ ಕಡೆಗೆ ತಿರುಗಿಕೊಂಡೇ ಮಾತಾಡಿದಳು. “ಹೌದಕ್ಕಾ. ನಾ ಹೋಗ್ತೀನಂತ ತಿಳಿದಾಗಿಂದ ನೀನೂ ನಕ್ಕಿಲ್ಲ.”

ಆ ದಿನ ಯಾರೂ ಕೈ ಎತ್ತಿಸಲಿಲ್ಲ. ಕೊನೆ ಆಗಲೇ ತೀರ್ಮಾನವಾಗಿತ್ತು.

ಖಾಲಾ ಹೊರಡುವುದು ಒಂದು ಭಾನುವಾರವೆಂದು ಗೊತ್ತಾಯಿತು. ಅದಕ್ಕೆ ಮೂರು ದಿನ ಮುಂಚಿನ ಗುರುವಾರವೇ ಅವರಿಬ್ಬರ ಕೊನೆಯ ಮ್ಯಾಟಿನಿ. ಈ ಸಲ ನಾನು ಅರ್ಜಿ ಬರೆಯಲಿಲ್ಲ. ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಅವರ ಜೊತೆ ಬೆಂಚಿನ ಮೇಲೆ ಕೂತೆ. ಇಬ್ಬರು ಅಣ್ಣತಮ್ಮಂದಿರು ಚಿಕ್ಕಂದಿನಲ್ಲಿ ಬೇರೆಯಾಗಿ, ಒಬ್ಬ ಪೊಲೀಸನಾಗಿ, ಇನ್ನೊಬ್ಬ ಕಳ್ಳನಾಗಿ, ಒಬ್ಬಳೇ ತಾಯಿ ಇಬ್ಬರಿಗೂ ಗೊತ್ತಿಲ್ಲದೆ ಇಬ್ಬರಿಗೂ ರೊಟ್ಟಿ ಬಡಿಸುವ ಕಥೆ. ಐದಕ್ಕೆ ಐದು ನಿಮಿಷ. ಪರದೆ ಸರಿಯಿತು, ತೆರೆಯ ಮೇಲೆ ಬಿಸಿಲು ಬಿತ್ತು, ಕಂಡಕ್ಟರು ಕೂಗಿದ. ಅಭ್ಯಾಸಬಲದಿಂದ ನಾನು ಚಪ್ಪಲಿಗೆ ಕಾಲು ಚಾಚಿದೆ. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಇವತ್ತು ನಾವು ಏಳಂಗಿಲ್ಲಪ್ಪಾ” ಎಂದಳು, ಇಡೀ ಹಾಲಿಗೆ ಕೇಳುವಂತೆ. “ನಿನ್ನ ಬಸ್ಸಿಗೆ ಬ್ಯಾರೆ ಮಂದಿ ಸಿಕ್ರ ಹತ್ತಿಸ್ಕೊಂಡು ಹೋಗು.”

ಕಂಡಕ್ಟರಿಗೆ ದಿಕ್ಕು ತೋಚಲಿಲ್ಲ. ಗುರುವಾರ ಆ ಬಸ್ಸಿಗೆ ನಾವೇ ಮುಕ್ಕಾಲು ಪಾಲು ಮಂದಿ. ಡ್ರೈವರು ಬೈಯುತ್ತಾನೆಂದು ಗೋಗರೆದ. ಖಾಲಾ ತನ್ನ ಪಕ್ಕದ ಗೋಡೆಯ ಬದಿ ತೋರಿಸಿದಳು.

“ಬಾ, ಇಲ್ಲಿ ನಿಂದ್ರು. ನೀನರ ಒಂದ್ಸಲ ಪೂರಾ ನೋಡೀಯೇನು?”

“ಎಲ್ಲಿದು ಖಾಲಾ” ಎಂದ ಅವನು, ಪರದೆ ಬಿಟ್ಟು ಒಳಗೆ ಬರುತ್ತ. “ನಾಕು ವರ್ಸದಿಂದ ಎಲ್ಲಾ ಪಿಕ್ಚರಿನಾಗೂ ಬರೇ ಅಳೋದು ನೋಡೀನಿ. ಯಾಕ ಅಳ್ತಾರಂತ ಇನ್ನಾ ಗೊತ್ತಾಗಿಲ್ಲ.”

ಹೊರಗೆ ಹಾರ್ನು ಬಾರಿಸುತ್ತಲೇ ಇತ್ತು. ಕಡೆಗೆ ಅದೂ ನಿಂತಿತು. ನಾವು ಹತ್ತು ವರ್ಷ ನೋಡದಿದ್ದ ಆ ಕೊನೆಯ ಅರ್ಧ ಗಂಟೆ ನಮ್ಮ ಮುಂದೆ ತೆರೆದುಕೊಂಡಿತು. ಹೊಡೆದಾಟ ನಡೆಯಿತು. ಕಳ್ಳನ ತೋಳಿನ ಹುಟ್ಟುಮಚ್ಚೆ ಕಂಡಿತು. ತಾಯಿ ಗುರುತಿಸಿದಳು. ಖಳನಾಯಕನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವನು ಅಂಗಡಿಯನ್ನೂ ಇಡಲಿಲ್ಲ, ಕಾಲುವೆಗೂ ಬೀಳಲಿಲ್ಲ. ಆಮೇಲೆ ಇಡೀ ಮನೆಮಂದಿ ಸಾಲಾಗಿ ನಿಂತು, ಫೋಟೋಕ್ಕೆ ನಿಂತವರ ಹಾಗೆ ನಮ್ಮ ಕಡೆ ನೋಡಿ ಹಲ್ಲು ಕಿರಿದರು. ‘ಶುಭಂ’ ಬಂತು. ದೀಪ ಹತ್ತಿತು.

ಹೆಂಗಸರು ಚಪ್ಪಲಿ ಹುಡುಕತೊಡಗಿದರು.

“ಅಕ್ಕಾ, ಇಷ್ಟೇ ಏನು?” ಎಂದಳು ಖಾಲಾ.

“ಇಷ್ಟೇ ಕಾಣಸ್ತೈತಿ.”

“ಇದಕ್ಕ ಹತ್ತು ವರ್ಸ ಹೊಟ್ಟಿ ಉರ್ಕೊಂಡ್ವಿ?”

ಅತ್ತೆ ನಗತೊಡಗಿದಳು. ತಿಂಗಳಿನಿಂದ ಕಟ್ಟಿಟ್ಟಿದ್ದ ನಗೆ ಅದು. ಬೆಂಚು ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕಳು. ಖಾಲಾ ಬುರ್ಖಾದ ಮುಸುಕನ್ನು ಬಾಯಿಗೆ ಒತ್ತಿಕೊಂಡು ಅಲ್ಲಾಡತೊಡಗಿದಳು. ನಮ್ಮ ಬಸ್ಸಿನ ಕೊನೆಗಳು ಇದಕ್ಕಿಂತ ಎಷ್ಟೋ ಚೆನ್ನಾಗಿದ್ದವೆಂದು ಎಲ್ಲರೂ ಒಪ್ಪಿಕೊಂಡರು. ಅದು ನಿಜ. ಆದರೂ ಬರೆದಿಡುತ್ತೇನೆ: ಕೊನೆ ಸಪ್ಪೆಯಾಗಿತ್ತೆಂದು ಹೇಳುವ ಹಕ್ಕು ಪೂರ್ತಿ ಕೂತು ನೋಡಿದವರಿಗೆ ಮಾತ್ರ ಸಿಗುತ್ತದೆ. ಆ ಹಕ್ಕು ಅವರಿಗೆ ಅಂದು ಐದೂವರೆಗೆ ಸಿಕ್ಕಿತು.

ಡ್ರೈವರು ಕೆಂಡವಾಗಿದ್ದ. ನಾವು ಹತ್ತುವಾಗ ಒಬ್ಬರ ಮುಖವನ್ನೂ ನೋಡಲಿಲ್ಲ. ಊರು ಬಿಟ್ಟು ಭತ್ತದ ಗದ್ದೆಗಳು ಶುರುವಾದ ಮೇಲೆ, ರಸ್ತೆಯ ಮೇಲೇ ಕಣ್ಣಿಟ್ಟುಕೊಂಡು, ಕೊನೆಗೆ ಏನಾಯಿತೆಂದು ಕಂಡಕ್ಟರನ್ನು ಕೇಳಿದ. ಕಂಡಕ್ಟರು ಹೇಳಿದ; ತಪ್ಪು ಹೇಳಿದಲ್ಲೆಲ್ಲ ಇಡೀ ಬಸ್ಸು ತಿದ್ದಿತು.

ಅಷ್ಟಾದ ಮೇಲೆ ಕಟ್ಟಲು ಕೊನೆಯೇ ಉಳಿದಿರಲಿಲ್ಲ. ಆ ಖಾಲಿ ಹೊತ್ತಿನಲ್ಲಿ ಅತ್ತೆ ಮೊದಲ ಬಾರಿಗೆ ಆದೋನಿಯ ಮಾತೆತ್ತಿದಳು. ಮನೆ ಹೇಗಿದೆ, ನೀರು ಎಷ್ಟು ದೂರ, ಮಷೀನು ಇಡಲು ಬೆಳಕಿರುವ ಜಾಗ ಇದೆಯೇ ಎಂದು ಕೇಳಿದಳು. ಖಾಲಾ ಒಂದೊಂದಕ್ಕೂ ಸಾವಕಾಶವಾಗಿ ಉತ್ತರಿಸಿದಳು. ಬಹಳ ವರ್ಷಗಳ ಹಿಂದೆ ಎರಡು ಮನೆಗಳ ನಡುವಿನ ಗೋಡೆಯ ವಿಷಯಕ್ಕೆ ತಾನು ಒಂದು ಕೆಟ್ಟ ಮಾತು ಆಡಿದ್ದೆನೆಂದು, ಅದು ಇನ್ನೂ ಮನಸ್ಸಿನಲ್ಲಿದೆಯೆಂದು ಅತ್ತೆ ಹೇಳಿದಳು. ತನಗೆ ಅದು ನೆನಪೇ ಇಲ್ಲವೆಂದು ಖಾಲಾ ಹೇಳಿದಳು. ನೆನಪಿತ್ತೆಂದು ನನಗೂ ಗೊತ್ತು, ಅತ್ತೆಗೂ ಗೊತ್ತಾಯಿತು. ಅತ್ತೆ ಆಕೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸಿರಿಗೇರಿ ಬರುವವರೆಗೂ ಬಿಡಲಿಲ್ಲ.

ಮನೆಯಲ್ಲಿ ಅಪ್ಪ ಬಾಗಿಲಲ್ಲೇ ನಿಂತಿದ್ದ. ತಡವಾದದ್ದಕ್ಕೆ ಕಾರಣ ಕೇಳಿದ. ಅತ್ತೆ ಕಾರಣದ ಬದಲು ಚಿತ್ರದ ಕೊನೆಯನ್ನೇ ಹೇಳಿದಳು. ಅದೇ ಚಿತ್ರವನ್ನು ಹಿಂದಿನ ಶನಿವಾರ ನೋಡಿ ಬಂದಿದ್ದ ಅಪ್ಪ ನಮಗೆ ಬೇರೆ ಕೊನೆ ಹೇಳಿದ್ದ: ಅಣ್ಣತಮ್ಮಂದಿರಲ್ಲಿ ಚಿಕ್ಕವನು ಗುಂಡೇಟು ತಿಂದು ಸಾಯುತ್ತಾನೆಂದು. ಅತ್ತೆ ಬಿಡದೆ ವಿಚಾರಣೆ ಮಾಡಿದಳು. ಕಡೆಗೆ ಅಪ್ಪ ಒಪ್ಪಿಕೊಂಡ. ಲಾರಿಯಲ್ಲಿ ಮುಂದೆ ಕೂರುವ ಜಾಗ ಸಿಗಬೇಕಾದರೆ ಹೊಡೆದಾಟ ಶುರುವಾದ ಕೂಡಲೇ ಎದ್ದು ಬರಬೇಕಂತೆ. ಗಂಡಸರೆಲ್ಲ ಹಾಗೆಯೇ ಬರುತ್ತಾರಂತೆ. ಲಾರಿಯಲ್ಲಿ ಅವರೂ ಕೊನೆಗಳನ್ನು ಕಟ್ಟುತ್ತಿದ್ದರು. ನಮಗೆ ತಾವು ಪೂರ್ತಿ ನೋಡಿದವರೆಂದು ಗತ್ತು ತೋರಿಸುತ್ತಿದ್ದರು. ಆ ದಿನ ನಮ್ಮ ಮನೆಯಲ್ಲಿ ಬೈಗುಳ ನಡೆಯಲಿಲ್ಲ. ನಡೆಸುವ ಅಧಿಕಾರ ಅಪ್ಪನಿಗೆ ಉಳಿದಿರಲಿಲ್ಲ.

ಶುಕ್ರವಾರ, ಶನಿವಾರ ಎರಡು ಮನೆಗಳಿಗೂ ಒಂದೇ ಅಡಿಗೆ. ಖಾಲಾ ಮಷೀನನ್ನು ಗೋಣಿಯಲ್ಲಿ ಕಟ್ಟುವ ಮೊದಲು ಓಣಿಯ ಹೆಂಗಸರನ್ನೆಲ್ಲ ಕರೆದಳು. ಆಕೆ ಎಂದೂ ಟೇಪು ಮುಟ್ಟಿದವಳಲ್ಲ. ಗೇಣು, ಬೆರಳುಗಳಲ್ಲೇ ಅಳತೆ. ಆ ಅಳತೆಗಳು ಆಕೆಯ ಕೈಯಲ್ಲೇ ಇದ್ದುದರಿಂದ, ಆಕೆ ಹೋದರೆ ಅವೂ ಹೋಗುತ್ತಿದ್ದವು. ಹಾಗಾಗಿ ಒಬ್ಬೊಬ್ಬರನ್ನೂ ನಿಲ್ಲಿಸಿ, ಹಳೆಯ ಪೇಪರಿನಲ್ಲಿ ಅವರವರ ಕುಪ್ಪಸದ ಅಳತೆ ಕತ್ತರಿಸಿ ಕೊಟ್ಟಳು. ಯಾರ ಎಡ ತೋಳು ಸಡಿಲ ಬೇಕು, ಯಾರಿಗೆ ಕಂಕುಳಲ್ಲಿ ಒತ್ತುತ್ತದೆ ಎಂದು ಸೀಸದ ಕಡ್ಡಿಯಲ್ಲಿ ನನ್ನಿಂದ ಬರೆಸಿದಳು. ಅತ್ತೆಯ ಸರದಿ ಬಂದಾಗ, “ಅಕ್ಕಾ, ನೀ ದಪ್ಪ ಆದ್ರ ಇದು ಬರಂಗಿಲ್ಲ, ಆದೋನಿಗೆ ಬರಬೇಕಾಕ್ಕೈತಿ” ಎಂದಳು. ನಾಳೆಯಿಂದಲೇ ತುಪ್ಪ ಹೆಚ್ಚು ಹಾಕಿಕೊಳ್ಳುತ್ತೇನೆಂದು ಅತ್ತೆ ಹೇಳಿದಳು. ತನ್ನ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮುಗಿಸಿ ಎದ್ದವರನ್ನು ಮುಂದೆ ಯಾವ ಬೀಳ್ಕೊಡುಗೆ ಸಮಾರಂಭದಲ್ಲೂ ನಾನು ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಬಂದಾಗ ಅರ್ಧ ಊರು ನಿಂತಿತ್ತು. ಅದೇ ಡ್ರೈವರು, ಅದೇ ಕಂಡಕ್ಟರು. ಸಾಮಾನು ಮೇಲೇರಿತು. ಅತ್ತೆ ಖಾಲಾಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿದಳು. ಗಂಡನಿಲ್ಲದವಳು ಉಡಿ ತುಂಬಬಾರದೆಂದು ಒಬ್ಬ ಹಿರಿಯರು ಗೊಣಗಿದರು. ಅತ್ತೆ ಅವರ ಕಡೆ ತಿರುಗಿಯೂ ನೋಡದೆ ಇನ್ನೊಂದು ಬೊಗಸೆ ಹಾಕಿದಳು. ಡ್ರೈವರು ಎಂಜಿನ್ ಬಂದ್ ಮಾಡಿ ಕೆಳಗಿಳಿದು ಬೀಡಿ ಹಚ್ಚಿದ. ಹಾರ್ನು ಬಾರಿಸಲಿಲ್ಲ. ಎಲ್ಲರ ಮಾತೂ ಮುಗಿದ ಮೇಲೆ, ನಿಜವಾಗಿ ಮುಗಿದ ಮೇಲೆ, ಖಾಲಾಳೇ ಅವನಿಗೆ ಹೊರಡು ಎಂದಳು. ಧೂಳು ಅಡಗುವವರೆಗೂ ಅತ್ತೆ ನಿಂತಿದ್ದಳು. ಆಮೇಲೆ ಮನೆಗೆ ಬಂದು, ಹಸಿವಾಗಿದೆ ಎಂದು ಎರಡು ರೊಟ್ಟಿ ಹೆಚ್ಚು ತಿಂದಳು.

ಆ ಗುರುವಾರ ಬಸ್ಸು ತಡಮಾಡಿದ್ದಕ್ಕೆ ಮಾಲೀಕರು ಮರುವಾರ ಕಂಡಕ್ಟರನ್ನು ಕೆಲಸದಿಂದ ದೂರ ಇಟ್ಟರು. ಅದೂ ಅನ್ಯಾಯವೇ. ಈ ಸಲ ಅರ್ಜಿಯನ್ನು ಹೆಂಗಸರೇ ಹೇಳಿದರು, ನಾನು ಬರೆದೆ: ಆ ಹುಡುಗನನ್ನು ವಾಪಸು ತನ್ನಿ, ಗುರುವಾರ ಬಸ್ಸನ್ನು ಆಟ ಮುಗಿದ ಮೇಲೆ ಬಿಡಿ, ಇಲ್ಲವಾದರೆ ಆ ದಿನ ನಾವು ಯಾರೂ ನಿಮ್ಮ ಬಸ್ಸು ಹತ್ತುವುದಿಲ್ಲ. ಕೆಳಗೆ ಹೆಬ್ಬೆಟ್ಟುಗಳು. ಎರಡೂ ಬೇಡಿಕೆ ಈಡೇರಿದವು. ಎರಡು ವರ್ಷ ಸಿರಿಗೇರಿಯ ಹೆಂಗಸರು ಪೂರ್ತಿ ಸಿನಿಮಾ ನೋಡಿದರು. ಆಮೇಲೆ ಬಸ್ಸು ಬೇರೆಯವರ ಕೈಗೆ ಹೋಯಿತು, ವೇಳೆ ಮತ್ತೆ ಐದಕ್ಕೆ ಬಂತು.

ಆ ಹೊತ್ತು ಇಂದಿಗೂ ಪೂರ್ತಿ ಬದಲಾಗಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಹಂಚುವ ಮೊದಲೇ, ಸಭೆಯಲ್ಲಿ ತಮ್ಮ ಸರದಿ ಬರುವ ಮೊದಲೇ, ಗೆಳತಿಯ ಮದುವೆಯಲ್ಲಿ ಅವಳಿಗೊಂದು ಮಾತು ಹೇಳುವ ಮೊದಲೇ ಚಪ್ಪಲಿ ಹುಡುಕಿಕೊಂಡು ಏಳುವ ಹೆಣ್ಣುಮಕ್ಕಳನ್ನು ನಾನು ನೋಡುತ್ತಲೇ ಇದ್ದೇನೆ. ಆದ್ದರಿಂದ ಸಿರುಗುಪ್ಪದಿಂದ, ಕುರುಗೋಡಿನಿಂದ, ಬಳ್ಳಾರಿಯಿಂದ ಹಳ್ಳಿಗಳ ಕಡೆ ಹೋಗುವ ಸಂಜೆಯ ಬಸ್ಸುಗಳ ವೇಳೆಯನ್ನು ನಿರ್ಧರಿಸುವವರೇ, ನನ್ನ ಬೇಡಿಕೆ ಇದು. ಕೊನೆಯ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಹೊರಡಲಿ. ಆ ವೇಳೆಯನ್ನು ಬರೆಯುವ ಮೊದಲು ಅದೇ ಬಸ್ಸಿನಲ್ಲಿ ಒಂದು ದಿನ ಹೋಗಿ, ಅದರಲ್ಲಿರುವ ಹೆಂಗಸರನ್ನು ಕೇಳಿ, ಅವರು ಹೇಳಿದ ಹೊತ್ತನ್ನೇ ಬರೆಯಿರಿ. ಬರೆದದ್ದನ್ನು ನಿಲ್ದಾಣದಲ್ಲಿ ಹೆಂಗಸರು ನಿಲ್ಲುವ ಕಡೆಯ ಗೋಡೆಗೆ ಹಾಕಿ. ಮುಂದಿನ ತಿಂಗಳ ಮೊದಲ ಗುರುವಾರದಿಂದ ಅದು ಜಾರಿಗೆ ಬರಲಿ.